ಓದುಗರ ಪ್ರಶ್ನೆ: ಹಗುರವಾದ ರೈಫಲ್ಲೇ ಮೇಲೇ?

ಪ್ರಶ್ನೆ: ಎರಡನೇ ಮಹಾಯುದ್ಧದ ಸೆಮಿ ಆಟೋಮ್ಯಾಟಿಕ್ (ಟ್ರಿಗರ್ ಒತ್ತಿದಾಗಲೆಲ್ಲ ಒಂದು ಗುಂಡು ಹಾರಿಸಿ ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್‌ಗಳಲ್ಲಿ ಸೋವಿಯತ್ ಎಸ್‌ವಿಟಿ-40 ಅಮೆರಿಕದ ಎಂ1 ಗ್ಯಾರಂಡ್‌ಗಿಂತ ಹಗುರ, ಗುಂಡುಗಳೂ ಹೆಚ್ಚು ಹಿಡಿಸುತ್ತವೆ. ಹಾಗಿದ್ದರೆ ಅದೇ ಉತ್ತಮವಲ್ಲವೇ?

ಉತ್ತರ: ಹೊತ್ತು ನಡೆಯುವವನಿಗೆ ಹೌದು, ಗುರಿಯಿಡುವವನಿಗೆ ಅಲ್ಲ. ಗುಂಡು ತುಂಬದ ಎಸ್‌ವಿಟಿ ಸುಮಾರು 3.85 ಕಿಲೋ, ಗ್ಯಾರಂಡ್ 4.3 ಕಿಲೋ. ಎಸ್‌ವಿಟಿಯ ಮ್ಯಾಗಜಿನ್‌ಗೆ 10 ಗುಂಡು. ಗ್ಯಾರಂಡ್‌ಗೆ 8 ಗುಂಡುಗಳ ಕ್ಲಿಪ್ಪನ್ನೇ ಮೇಲಿನಿಂದ ಒತ್ತಿ ಕೂರಿಸಬೇಕು; ಕೊನೆಯ ಗುಂಡು ಹಾರಿದೊಡನೆ ಖಾಲಿ ಕ್ಲಿಪ್ ತಾನೇ ಹೊರಗೆ ಚಿಮ್ಮುತ್ತದೆ.

ಆದರೆ ಆ ಅರ್ಧ ಕಿಲೋ ಉಳಿಸಿದ್ದು ನಳಿಗೆಯನ್ನೂ ಉಳಿದ ಭಾಗಗಳನ್ನೂ ತೆಳುವಾಗಿಸಿ. ಗುಂಡುಗಳು ಗುರಿಹಲಗೆಯ ಮೇಲೆ ಮೇಲಕ್ಕೂ ಕೆಳಕ್ಕೂ ಚದುರುತ್ತಿದ್ದವು. ದುರ್ಬೀನು ಕೂರಿಸಿ ಸ್ನೈಪರ್‌ಗಳಿಗೆ ಕೊಟ್ಟಾಗ ಈ ದೋಷ ಎದ್ದು ಕಂಡಿತು. 1942ರಲ್ಲಿ ಸೋವಿಯತ್ ಸೇನೆ ಆ ಕೆಲಸಕ್ಕೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಎಳೆಯಬೇಕಾದ ಹಳೆಯ ಮೊಸಿನ್ ರೈಫಲ್‌ಗೇ ಮರಳಿತು. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಗ್ಯಾರಂಡ್‌ನ ಹಿಂಬದಿಯ ಸೈಟ್ (ಗುರಿ ನೋಡುವ ಕಿಂಡಿ) ಒಂದು ಕ್ಲಿಕ್ಕಿಗೆ ಒಂದು ಮಿನಿಟ್ ಕೋನ, ಅಂದರೆ 100 ಮೀಟರಿನಲ್ಲಿ ಸುಮಾರು 3 ಸೆಂ.ಮೀ. ಸರಿಯುತ್ತದೆ. ಗ್ಯಾರಂಡ್‌ನ ದೌರ್ಬಲ್ಯ ಇರುವುದು ಮರದಲ್ಲಿ. ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಲೋಹದ ಬಳೆ) ಮುಚ್ಚಿದಾಗ ಅದೇ ರಿಸೀವರನ್ನು (ಬೋಲ್ಟ್ ಕೂರುವ ಲೋಹದ ಭಾಗ) ರೈಫಲ್ಲಿನ ಮರದ ಒಡಲಿಗೆ ಬಿಗಿಹಿಡಿಯುತ್ತದೆ. ಪದೇಪದೇ ಬಿಚ್ಚಿ ಜೋಡಿಸಿದರೆ ಮರ ಸವೆದು ಹಿಡಿತ ಸಡಿಲಾಗುತ್ತದೆ, ಗುಂಡುಗಳ ಗುಂಪು ಅಗಲವಾಗುತ್ತದೆ. ಗಾರ್ಡ್ ಮುಚ್ಚುವಾಗ ಕೈಗೆ ಬಿಗಿ ಸಿಗದಿದ್ದರೆ ಸೈಟ್ ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಸೇನೆಯ ಹಳೆಯ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಇವೆರಡರಲ್ಲಿ ಯಾವುದಕ್ಕೆ ಹತ್ತಿರ?

ಉತ್ತರ: ಎಸ್‌ವಿಟಿಗೆ. ಗ್ಯಾರಂಡ್‌ನಲ್ಲಿ ತೋಟಾದ ಹಿಂಬದಿಯನ್ನು ಮುಚ್ಚುವ ಬೋಲ್ಟ್ ತಿರುಗಿ ಬೀಗ ಬೀಳುತ್ತದೆ. ಇಶಾಪುರದಲ್ಲಿ ತಯಾರಾದ ನಮ್ಮ ಎಸ್‌ಎಲ್‌ಆರ್, ಅಂದರೆ 1ಎ1ನಲ್ಲಿ, ಎಸ್‌ವಿಟಿಯಲ್ಲಿರುವಂತೆ ಬೋಲ್ಟಿನ ಹಿಂತುದಿ ಕೆಳಕ್ಕೆ ವಾಲಿ ಕೂರುತ್ತದೆ. ನಳಿಗೆಯ ಮೇಲಿನ ಪಿಸ್ಟನ್ ಸ್ವಲ್ಪವೇ ಹಿಂದೆ ಸರಿದು ಅದನ್ನು ತಳ್ಳುತ್ತದೆ. ಎರಡರಲ್ಲೂ ಗ್ಯಾಸ್ ರೆಗ್ಯುಲೇಟರ್, ಅಂದರೆ ಪಿಸ್ಟನ್ ತಳ್ಳುವ ಮದ್ದಿನ ಗ್ಯಾಸನ್ನು ಹೆಚ್ಚುಕಡಿಮೆ ಮಾಡುವ ಸಾಧನ, ಇದೆ. ಎಸ್‌ಎಲ್‌ಆರ್‌ನಲ್ಲಿ ಅದನ್ನು ಹೆಚ್ಚು ತೆರೆದರೆ ಗ್ಯಾಸ್ ಹೊರಗೆ ಸೋರಿ ಪಿಸ್ಟನ್‌ಗೆ ಬಲ ಸಾಲದು, ಖಾಲಿ ತೋಟಾ ಪೂರ್ತಿ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. ಪೂರಾ ಮುಚ್ಚಿದರೆ ಭುಜಕ್ಕೆ ಒದೆತ ಹೆಚ್ಚು, ಭಾಗಗಳೂ ಬೇಗ ಸವೆಯುತ್ತವೆ. ಮ್ಯಾಗಜಿನ್‌ಗೆ ಒಂದೇ ಗುಂಡು ಹಾಕಿ ಹಾರಿಸುತ್ತ, ಬೋಲ್ಟ್ ಹಿಂದೆಯೇ ನಿಲ್ಲುವವರೆಗೆ ಒಂದೊಂದೇ ಕ್ಲಿಕ್ ಮುಚ್ಚಿಕೊಂಡು ಬಂದು, ಆಮೇಲೆ ಇನ್ನೆರಡು ಕ್ಲಿಕ್ ಸೇರಿಸುವುದು ರೂಢಿ. ಮಸಿ ಕಟ್ಟಿದಾಗಲೂ ರೈಫಲ್ ಸಿಕ್ಕಿಕೊಳ್ಳದಿರಲು ಆ ಎರಡು ಕ್ಲಿಕ್ ಬೇಕೇ ಬೇಕು.