ಮುಲಾಮಿಗೆ ಬೂಷ್ಟು ಹಿಡಿಯುವುದು ಯಾಕೆ?

ಪ್ರಶ್ನೆ: ಹಸಿ ಬೇವಿನೆಲೆ, ತುಳಸಿ ಕೊಬ್ಬರಿಎಣ್ಣೆಯಲ್ಲಿ ಕಾಯಿಸಿ, ಲೋಳೆಸರದ ತಿರುಳು, ಜೇನುಮೇಣ ಸೇರಿಸಿ ಮುಲಾಮು ಮಾಡಿದೆ. ಕೆಡದಿರಲೆಂದು ವಿಟಮಿನ್ ಇ ಕೂಡ ಹಾಕಿದ್ದೆ. ಜುಲೈನಲ್ಲಿ ಇಪ್ಪತ್ತೇ ದಿನಕ್ಕೆ ಕಪ್ಪು ಚುಕ್ಕೆ ಬಂತು. ಮೇಲಿನ ಪದರ ತೆಗೆದು ಬಳಸಬಹುದೇ?
– ಓದುಗರು, ಡೊಂಬಿವಲಿ

ಉತ್ತರ: ಬೇಡ, ಪೂರ್ತಿ ಎಸೆದುಬಿಡಿ. ಕಣ್ಣಿಗೆ ಕಾಣುವ ಚುಕ್ಕೆಗಿಂತ ಕೆಳಗೂ ಬೂಷ್ಟು ಇಳಿದಿರುತ್ತದೆ. ಇದಕ್ಕೆಲ್ಲ ಕಾರಣ ನೀರು. ಬರೀ ಎಣ್ಣೆ, ಮೇಣದಲ್ಲಿ ಬೂಷ್ಟು ಬೆಳೆಯದು. ನಿಮ್ಮದರಲ್ಲಿ ಹಸಿ ಎಲೆಯ ನೀರಿದೆ, ಅದಕ್ಕಿಂತ ಹೆಚ್ಚಾಗಿ ಲೋಳೆಸರದ ನೀರಿದೆ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ನಿಧಾನಿಸುತ್ತದೆಯೇ ಹೊರತು ಬೂಷ್ಟನ್ನು ತಡೆಯುವುದಿಲ್ಲ. ಲೋಳೆಸರ ಬೇಕಿದ್ದರೆ ಆಗಲೇ ಕೊಯ್ದು ಹಚ್ಚಿಕೊಳ್ಳಿ, ಡಬ್ಬಿಗೆ ಹಾಕಬೇಡಿ.

ಎಲೆಯನ್ನು ನೆರಳಲ್ಲಿ, ಕೈಯಲ್ಲಿ ಮುರುಕಿದರೆ ಪುಡಿಯಾಗುವಷ್ಟು ಒಣಗಿಸಿ. ಮುಂಬಯಿಯ ಮಳೆಗಾಲದಲ್ಲಿ ಫ್ಯಾನಿನ ಕೆಳಗಿಟ್ಟರೂ ಇದು ಕಷ್ಟ, ಹಾಗಾಗಿ ಏಪ್ರಿಲ್‌ನಲ್ಲೇ ಒಣಗಿಸಿಟ್ಟುಕೊಳ್ಳುವುದು ಒಳ್ಳೆಯದು. 25 ಗ್ರಾಂ ಒಣ ಎಲೆಗೆ 250 ಗ್ರಾಂ ಎಣ್ಣೆ. ಕುದಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಎರಡು ತಾಸು ಸಣ್ಣ ಉರಿಯಲ್ಲಿ ಕಾಯಿಸಿ.

ಹಸಿ ಎಲೆಯೇ ಬೇಕೆಂದರೆ ಆಯುರ್ವೇದದ ತೈಲಪಾಕದ ಅಳತೆ ಹಿಡಿಯಿರಿ: ಅರೆದ ಎಲೆ 50 ಗ್ರಾಂ, ಎಣ್ಣೆ 200, ನೀರು 800. ನೀರೆಲ್ಲ ಆರುವ ಹೊತ್ತಿಗೆ ಎಣ್ಣೆಯ ಮೇಲೆ ನೊರೆ ಏಳುತ್ತದೆ. ಆಗ ತಳದ ಚರಟ ಸ್ವಲ್ಪ ತೆಗೆದು, ಆರಿದ ಮೇಲೆ ಬೆರಳುಗಳ ನಡುವೆ ಬತ್ತಿಯಂತೆ ಹೊಸೆದು, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಿ. ಚಟಚಟ ಅಂದರೆ ಇನ್ನೂ ನೀರಿದೆ. ಸದ್ದಿಲ್ಲದೆ ಉರಿದರೆ ಇಳಿಸಿ. ಈ ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಯಾವ ಗಡಿಯಾರವೂ ಇಷ್ಟು ಖಚಿತವಾಗಿ ಹೇಳದು.

ಒಣ ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ಬಿಟ್ಟು, ತಳದ ಗಸಿ ಕದಡದಂತೆ ಮೇಲಿನದನ್ನಷ್ಟೇ ಬಗ್ಗಿಸಿಕೊಳ್ಳಿ. 100 ಗ್ರಾಂ ಎಣ್ಣೆಗೆ 20 ಗ್ರಾಂ ಜೇನುಮೇಣ ಕರಗಿಸಿ. ಫ್ರಿಜ್ಜಿನಲ್ಲಿಟ್ಟ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿ: ತೀರಾ ಮೆದುವಾದರೆ ಮೇಣ, ಗಟ್ಟಿಯಾದರೆ ಎಣ್ಣೆ ಸೇರಿಸಿ. ಕೊಬ್ಬರಿಎಣ್ಣೆ ಸುಮಾರು 24 ಡಿಗ್ರಿಗೇ ಕರಗುವುದರಿಂದ ಮೇ ತಿಂಗಳಲ್ಲಿ 25 ಗ್ರಾಂ ಮೇಣವಾದರೂ ಬೇಕು. ಡಬ್ಬಿ ಕುದಿಸಿ, ಒಂದು ಹನಿಯೂ ಉಳಿಯದಂತೆ ಒಣಗಿಸಿ. ಮುಲಾಮು ಆರುವ ತನಕ ಮುಚ್ಚಳ ಬಿಗಿಯಬೇಡಿ. ಒದ್ದೆ ಬೆರಳು ಅದ್ದಬೇಡಿ. ಆರು ತಿಂಗಳೊಳಗೆ ಮುಗಿಸಿ.

ಹೊಸ ಮುಲಾಮನ್ನು ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ 48 ತಾಸು ಕಾಯಿರಿ. ಆಳದ ಗಾಯ, ಕೀವು, ಸುಟ್ಟಗಾಯಕ್ಕೆ ಇದು ಸಲ್ಲದು. ಸುಟ್ಟರೆ ಮೊದಲು 20 ನಿಮಿಷ ನಲ್ಲಿ ನೀರು. ಜಿಡ್ಡು ಹಚ್ಚಿದರೆ ಬಿಸಿ ಒಳಗೇ ಉಳಿಯುತ್ತದೆ.

ಪ್ರಶ್ನೆ: ಹಿಮ್ಮಡಿ ಒಡೆದದ್ದಕ್ಕೆ ಬಿಬ್ಬಾ ಎಣ್ಣೆ ಸೇರಿಸಿ ಮುಲಾಮು ಮಾಡಿ ಅನ್ನುತ್ತಾರೆ ನೆರೆಮನೆಯವರು. ಮಾಡಲೇ?
– ಓದುಗರು, ಪುಣೆ

ಉತ್ತರ: ಖಂಡಿತ ಬೇಡ. ಬಿಬ್ಬಾ ಅಂದರೆ ನಮ್ಮ ಕೇರುಬೀಜ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದುದು ಇದರ ರಸದಿಂದಲೇ. ಅದು ತಾಗಿದಲ್ಲಿ ಚರ್ಮ ಕೆಂಪಾಗಿ ನೀರುಗುಳ್ಳೆ ಏಳುತ್ತದೆ. ಅದೇ ಕೈ ಮುಖಕ್ಕೆ ತಾಗಿದರೆ ಅಲ್ಲಿಗೂ. ಶಾಸ್ತ್ರದಲ್ಲಿ ಶುದ್ಧಿ ಮಾಡಿಯೇ ಬಳಸುವ ಈ ಬೀಜ ಮನೆಯಲ್ಲಿ ಮಾಡುವ ಕೆಲಸಕ್ಕಲ್ಲ.

ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಒತ್ತಿ ಒರೆಸಿ, 100 ಗ್ರಾಂ ಎಳ್ಳೆಣ್ಣೆಗೆ 20 ಗ್ರಾಂ ಮೇಣದ ಮುಲಾಮು ಹಚ್ಚಿ ಕಾಲುಚೀಲ ಹಾಕಿ ಮಲಗಿ. ಸಕ್ಕರೆ ಕಾಯಿಲೆ ಇದ್ದರೆ, ಬಿರುಕಿನಿಂದ ರಕ್ತ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಒಂದು ವರ್ಷದ ಮಗುವಿಗೆ ನೆಗಡಿ. ಕೊಬ್ಬರಿಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಹಚ್ಚಬಹುದೇ?
– ಓದುಗರು, ಮಡಗಾಂವ್

ಉತ್ತರ: ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ ಬೇಡ, ಪುದೀನದ ಹರಳೂ ಬೇಡ. ಕರ್ಪೂರ ಚರ್ಮದಿಂದಲೂ ಒಳಹೋಗುತ್ತದೆ. ಮಗು ಚೂರು ನುಂಗಿದರಂತೂ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ಆಗ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಒಯ್ಯಿರಿ. ನೆಗಡಿಗೆ ಮೂಗಿಗೆ ಉಪ್ಪುನೀರಿನ ಹನಿ ಸಾಕು, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ದೇವರ ಕೋಣೆಯ ಕರ್ಪೂರದ ಡಬ್ಬಿ ಮಗುವಿನ ಕೈಗೆಟಕದಂತೆ ಇವತ್ತೇ ಮೇಲಿಡಿ.