ಬಿದರಿ ಹೂದಾನಿಯ ಮೈ ಕಪ್ಪಾದರೂ ಬೆಳ್ಳಿ ಕುಸುರಿ ಯಾಕೆ ಕಪ್ಪಾಗಲ್ಲ?

ಅದರ ಮೈ ಬೆಳ್ಳಿಯದಲ್ಲ. ಬಹುಪಾಲು ಸತು, ಸ್ವಲ್ಪ ತಾಮ್ರ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್ ಎಂಬ ಲವಣ), ನೀರು ಸೇರಿಸಿ ಕಾಯಿಸಿ, ಅದರಲ್ಲಿ ಅದ್ದಿದರೆ ಈ ಮಿಶ್ರಲೋಹ ಕಪ್ಪಾಗುತ್ತದೆ. ಕೂರಿಸಿದ ಬೆಳ್ಳಿ ಮಾತ್ರ ಜಗ್ಗುವುದಿಲ್ಲ, ಹಾಗೇ ಹೊಳೆಯುತ್ತದೆ.

ಕಾರಣ, ಸತು ಬಹಳ ಚುರುಕು, ಬೇರೆ ವಸ್ತುಗಳ ಜೊತೆ ಬೇಗ ವರ್ತಿಸುತ್ತದೆ; ಬೆಳ್ಳಿ ಹಾಗಲ್ಲ. ಒಂದು ಚೂರನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ಬುಳುಬುಳು ಗುಳ್ಳೆ ಏಳುತ್ತವೆ. ಅದು ಹೈಡ್ರೋಜನ್. ತಾಮ್ರ ಅದೇ ಆಮ್ಲದಲ್ಲಿ ಸುಮ್ನೆ ಕೂತಿರುತ್ತದೆ.

ಹಾಗಾದ್ರೆ ತಾಮ್ರದ ಕೊಡ ಹುಣಸೆಹಣ್ಣಿಗೆ ಹೊಳೆಯುತ್ತದಲ್ವಾ ಅಂತೀರಾ? ಹುಣಸೆಯ ಹುಳಿ ಕರಗಿಸುವುದು ತಾಮ್ರವನ್ನಲ್ಲ, ಗಾಳಿಯ ಆಕ್ಸಿಜನ್ ತಾಗಿ ಅದರ ಮೇಲೆ ಕಟ್ಟಿದ ಮಂಕು ಪದರವನ್ನು. ಹೂದಾನಿಗೆ ಮಾತ್ರ ಹುಣಸೆ ಹಚ್ಚಬೇಡಿ, ಕಪ್ಪು ಬಣ್ಣವೇ ಕಿತ್ತು ಹೋದೀತು. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು.