ಹೆದ್ದಾರಿಗೆ ದುಡ್ಡು ಸರಿ, ತರಬೇತಿಗೆ ಯಾಕೆ?

ದಾವಣಗೆರೆಯ ಓದುಗರೊಬ್ಬರು ಅಮೆರಿಕದ ಸಿರಾಕ್ಯೂಸ್ ನಗರದ ಹೆದ್ದಾರಿ ಯೋಜನೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಕಾಗದ ಬರೆದಿದ್ದಾರೆ. ಅವರ ಮಾತಿನ ಸಾರ ಇಷ್ಟು: ‘ಹಳೆ ಫ್ಲೈಓವರ್ ಕೆಡವಿ ರಸ್ತೆ ಮಾಡುವುದು ಸರ್ಕಾರದ ಕೆಲಸ, ಒಪ್ಪೋಣ. ಆದರೆ ಹಿಂದುಳಿದ ಗುತ್ತಿಗೆದಾರರಿಗೆ ತರಬೇತಿ ಕೊಡುವುದಕ್ಕೂ ತೆರಿಗೆ ದುಡ್ಡು ಯಾಕೆ? ಕಡಿಮೆ ರೇಟು ಹಾಕಿದವರಿಗೆ ಕೆಲಸ ಕೊಟ್ಟರೆ ಸಾಕಲ್ವಾ? ಇಂಥ ಯೋಜನೆಗಳಲ್ಲಿ ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು.’

ಪ್ರಿಯ ಓದುಗರೇ,

ನಿಮ್ಮ ಪ್ರಶ್ನೆ ನೇರವಾಗಿದೆ. ಉತ್ತರಕ್ಕೆ ಮೊದಲು ಆ ಫ್ಲೈಓವರ್ ಎಲ್ಲಿ ನಿಂತಿದೆ ಅಂತ ನೋಡಬೇಕು. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ 15ನೇ ವಾರ್ಡ್ ಅಂತ ಒಂದು ಬಡಾವಣೆ ಇತ್ತು. ಕಪ್ಪು ಜನ ಜಾಸ್ತಿ ಇದ್ದ ಜಾಗ. ಬೇರೆ ಕಡೆ ಅವರಿಗೆ ಮನೆ ಮಾರುತ್ತಿರಲಿಲ್ಲ, ಇಂಥ ಬಡಾವಣೆಗಳಿಗೆ ಬ್ಯಾಂಕ್‌ಗಳು ಸಾಲ ಕೊಡುತ್ತಿರಲಿಲ್ಲ. 1950-60ರ ದಶಕಗಳಲ್ಲಿ ನಗರ ಸುಧಾರಣೆಯ ಹೆಸರಲ್ಲಿ ಆ ಬಡಾವಣೆಯನ್ನು ಕೆಡವಿದರು. ಅದರ ಮೇಲೆ ಐ-81 ಹೆದ್ದಾರಿಯ ಫ್ಲೈಓವರ್ ಹಾದುಹೋಯಿತು. ಸ್ವಂತ ಮನೆ ಇದ್ದವರ ಮನೆ ಹೋಯಿತು. ಅಂಗಡಿ ಇಟ್ಟವರಿಗೆ ಗಿರಾಕಿಗಳೇ ಇಲ್ಲದಂತಾಯಿತು.

ಈಗ 225 ಕೋಟಿ ಡಾಲರ್ ಖರ್ಚಿನಲ್ಲಿ, ಒಕ್ಕೂಟ ಸರ್ಕಾರ ಮತ್ತು ರಾಜ್ಯದ ದುಡ್ಡು ಸೇರಿಸಿ, ಆ ಸುಮಾರು 1.4 ಮೈಲಿ ಫ್ಲೈಓವರ್ ಕೆಡವುತ್ತಿದ್ದಾರೆ. 2023ರಲ್ಲಿ ಕೆಲಸ ಶುರುವಾಯಿತು. ಹೊರಊರಿಗೆ ಹೋಗುವ ಗಾಡಿಗಳು ಊರಾಚೆಯ ದಾರಿಯಲ್ಲಿ ಹೋಗುತ್ತವೆ, ಊರೊಳಗೆ ಸಾಮಾನ್ಯ ಬೀದಿಗಳು ಬರುತ್ತವೆ.

ಇಲ್ಲಿ ಒಬ್ಬ ಸಣ್ಣ ಗುತ್ತಿಗೆದಾರನ ಜಾಗದಲ್ಲಿ ನಿಂತು ಯೋಚಿಸಿ. ಆತನ ಹತ್ತಿರ ಎರಡು ಟಿಪ್ಪರ್, ಆರು ಜನ ಕೆಲಸದವರು ಇದ್ದಾರೆ ಅಂತಿಟ್ಟುಕೊಳ್ಳಿ. ಫುಟ್‌ಪಾತ್ ಕಾಂಕ್ರೀಟ್ ಚೆನ್ನಾಗಿ ಹಾಕುತ್ತಾನೆ. ಆದರೆ ಸರ್ಕಾರಿ ಕೆಲಸ ಹಿಡಿಯಬೇಕಾದರೆ ‘ಕೆಲಸ ಅರ್ಧಕ್ಕೆ ಬಿಟ್ಟರೆ ನಷ್ಟ ನಾವು ಕಟ್ಟಿಕೊಡುತ್ತೇವೆ’ ಅಂತ ಜಾಮೀನು ಕಂಪನಿಯೊಂದು ಬಾಂಡ್ ಬರೆದುಕೊಡಬೇಕು. ಆ ಕಂಪನಿ ಆಸ್ತಿ ಕೇಳುತ್ತದೆ, ಹಳೆ ಲೆಕ್ಕಪತ್ರ ಕೇಳುತ್ತದೆ, ಹಿಂದೆ ಮಾಡಿದ ದೊಡ್ಡ ಕೆಲಸ ತೋರಿಸು ಅನ್ನುತ್ತದೆ. ಅಜ್ಜನ ಮನೆ ಹೆದ್ದಾರಿಗೆ ಹೋಗಿದ್ದರೆ ತೋರಿಸುವುದಕ್ಕೆ ಆಸ್ತಿ ಎಲ್ಲಿಂದ ತರಬೇಕು? ಬಾಂಡ್ ಇಲ್ಲದೆ ದೊಡ್ಡ ಕೆಲಸ ಇಲ್ಲ, ದೊಡ್ಡ ಕೆಲಸ ಮಾಡದೆ ಬಾಂಡ್ ಇಲ್ಲ. ಹಾಗಾಗಿ ಕಡಿಮೆ ರೇಟು ಹಾಕುವ ಸಾಲಿಗೇ ಆತ ಬರುವುದಿಲ್ಲ. ನೀವು ಹೇಳುವ ಪೈಪೋಟಿ ಶುರುವಾಗುವ ಮೊದಲೇ ಆತ ಹೊರಗೆ ಉಳಿದಿರುತ್ತಾನೆ.

ತರಬೇತಿ ಅಂದರೆ ಸಲಿಕೆ ಹಿಡಿಯುವುದನ್ನು ಕಲಿಸುವುದು ಅಂತ ತಿಳಿಯಬೇಡಿ. ಎಸ್ಟಿಮೇಟ್ ಹಾಕುವುದು, ಟೆಂಡರ್ ತುಂಬುವುದು, ಬಾಂಡ್‌ಗೆ ಬೇಕಾದ ಲೆಕ್ಕ ಇಡುವುದು, ಪ್ರತಿ ವಾರ ಕೂಲಿ ಪಟ್ಟಿ ಸರ್ಕಾರಕ್ಕೆ ಸಲ್ಲಿಸುವುದು, ಇವು ಅದರಲ್ಲಿ ಇರುತ್ತವೆ. ಇದಕ್ಕೆ ಅಲ್ಲಿನ ಹೆದ್ದಾರಿ ಕಾನೂನು ಇಡೀ ದೇಶಕ್ಕೆ ವರ್ಷಕ್ಕೆ 1 ಕೋಟಿ ಡಾಲರ್‌ವರೆಗೆ ತೆಗೆದಿಡಲು ಅವಕಾಶ ಕೊಟ್ಟಿದೆ. ಸಿರಾಕ್ಯೂಸ್‌ನ ಒಂದೇ ಯೋಜನೆಯ ಮೊತ್ತದ ಪಕ್ಕ ಅದನ್ನು ಇಟ್ಟು ನೋಡಿ.

‘ಹೆಸರು ಒಬ್ಬರದು’ ಅಂದಿರಲ್ಲ, ಅದು ನಿಜ. ಅಮೆರಿಕದಲ್ಲೂ ಇಂಥ ಮೋಸ ನಡೆದಿದೆ, ಜೈಲಿಗೆ ಹೋದವರಿದ್ದಾರೆ. ಅದಕ್ಕೇ ನಿಯಮ ಬಿಗಿಯಾಗಿದೆ. ಸಂಸ್ಥೆಯಲ್ಲಿ ಕನಿಷ್ಠ 51% ಪಾಲು ಹಿಂದುಳಿದವರದೇ ಆಗಿರಬೇಕು. ಆಡಳಿತ ಅವರ ಕೈಯಲ್ಲೇ ಇರಬೇಕು. ತಮ್ಮ ಪಾಲಿನ ಕೆಲಸ ತಾವೇ ಮಾಡಬೇಕು, ಬರೀ ಬಿಲ್ ದಾಟಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ನನಗೆ ತುಂಬಾ ಮುಖ್ಯ ಅನ್ನಿಸುವ ನಿಯಮ ಇನ್ನೊಂದಿದೆ: ಮುಖ್ಯ ಗುತ್ತಿಗೆದಾರ ತನ್ನ ಕೈಗೆ ದುಡ್ಡು ಬಂದ 30 ದಿನದೊಳಗೆ ಉಪಗುತ್ತಿಗೆದಾರನಿಗೆ ಕೊಡಲೇಬೇಕು. ಸಣ್ಣವರನ್ನು ಮುಳುಗಿಸುವುದು ಬಾಕಿ ಬಿಲ್ಲೇ ಅಲ್ವಾ?

ಈ ವ್ಯವಸ್ಥೆ ಈಗ ಅಲುಗಾಡುತ್ತಿದೆ ಅನ್ನುವುದನ್ನೂ ಹೇಳಬೇಕು. 1983ರಿಂದ ಹೆದ್ದಾರಿ ಹಣದಲ್ಲಿ ಕನಿಷ್ಠ 10% ಇಂಥ ಸಂಸ್ಥೆಗಳಿಗೆ ಹೋಗಲಿ ಅನ್ನುವ ರಾಷ್ಟ್ರೀಯ ಗುರಿ ಇತ್ತು. ಕಪ್ಪು ಜನರು, ಮಹಿಳೆಯರು ಮುಂತಾದವರನ್ನು ಹಿಂದುಳಿದವರು ಅಂತ ಮೊದಲೇ ಒಪ್ಪಿಕೊಳ್ಳುತ್ತಿದ್ದರು. ಹೀಗೆ ಮೊದಲೇ ಒಪ್ಪಿಕೊಳ್ಳುವ ಪದ್ಧತಿಯನ್ನು 2025ರ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ಈಗ ಒಬ್ಬೊಬ್ಬರೂ ತಾವು ಹೇಗೆ ಹಿಂದುಳಿದೆವು ಅಂತ ತಾವೇ ಸಾಬೀತು ಮಾಡಬೇಕು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಬಡಾವಣೆ ಕೆಡವುವಾಗ ಒಬ್ಬೊಬ್ಬರನ್ನೇ ವಿಚಾರಿಸಿ ಕೆಡವಲಿಲ್ಲವಲ್ಲ.

ನಮ್ಮಲ್ಲೂ ಕಾನೂನು ಇದೆ, ನಿಮಗೆ ಗೊತ್ತಿದೆ. ಕರ್ನಾಟಕದ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15%, ಪರಿಶಿಷ್ಟ ಪಂಗಡಕ್ಕೆ 6.95% ಮೀಸಲಿದೆ. ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ ಇತ್ತು, 2023ರಲ್ಲಿ 1 ಕೋಟಿಗೆ ಏರಿತು. ಆದರೆ ಸಣ್ಣ ಕೆಲಸಗಳನ್ನೆಲ್ಲ ಸೇರಿಸಿ ಪ್ಯಾಕೇಜ್ ಮಾಡಿಬಿಟ್ಟರೆ ಆ ಮಿತಿ ದಾಟುತ್ತದೆ, ಮೀಸಲಾತಿ ಸುಮ್ನೆ ಕಾಗದದ ಮೇಲೆ ಉಳಿಯುತ್ತದೆ. ಹಾಗಾಗಿ ನಿಮ್ಮ ಊರಿನಲ್ಲಿ ಮುಂದಿನ ರಸ್ತೆ ಟೆಂಡರ್ ಕರೆದಾಗ ಮೂರು ವಿಷಯ ಕೇಳಿ: ಕೆಲಸವನ್ನು ಯಾಕೆ ಪ್ಯಾಕೇಜ್ ಮಾಡಿದರು, ಉಪಗುತ್ತಿಗೆದಾರನಿಗೆ ಎಷ್ಟು ದಿನದಲ್ಲಿ ದುಡ್ಡು ಸಿಗುತ್ತದೆ, ಮೊದಲ ಸಲ ಟೆಂಡರ್ ಹಾಕುವವರಿಗೆ ಕಲಿಸಿಕೊಡುವವರು ಯಾರಿದ್ದಾರೆ. ಸಿಕ್ಕ ಉತ್ತರ ನಮಗೂ ಬರೆದು ಕಳಿಸಿ, ಪ್ರಕಟಿಸುತ್ತೇವೆ.

– ಸಂಪಾದಕ